ಹಳೆ ಪಿಕಪ್ಪಿನ ‘ಗುಂಯ್’ ಶಬ್ದ: ಕರಾವಳಿಯಲ್ಲಿ ಬಹುಕಾಲ ಓಡಿದ ಗಾಡಿಯ ವಿಮರ್ಶೆ

ಗಾಡಿ ಸೆಕೆಂಡ್ ಹ್ಯಾಂಡ್ ಡೀಸೆಲ್ ಪಿಕಪ್. ಐದು ಗೇರ್, ರಿಯರ್ ವೀಲ್ ಡ್ರೈವ್, ಎರಡು ತುಂಡಿನ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಉದ್ದ ದಂಡ). ಮೊದಲು ಮಲ್ಪೆ ಬಂದರಿನಲ್ಲಿ ಮೀನು ಹೊತ್ತದ್ದು. ಎಂಜಿನ್, ಕ್ಲಚ್, ಲೋಡ್ ಎಳೆಯುವ ತಾಕತ್ತು ಎಲ್ಲ ಚೆನ್ನಾಗಿ ಉಂಟು. ತಕರಾರು ಶಬ್ದದ್ದು ಮಾತ್ರ: ವೇಗ 40 ದಾಟಿದರೆ ಅಡಿಯಿಂದ ‘ಗುಂಯ್’, ಫಸ್ಟ್‌ನಿಂದ ರಿವರ್ಸ್‌ಗೆ ಹಾಕಿದರೆ ‘ಟಕ್’.

ಇಂಥ ಶಬ್ದಕ್ಕೆ ಹೆಚ್ಚಿನ ಗ್ಯಾರೇಜ್‌ಗಳಲ್ಲಿ ಮೊದಲು ಸಿಗುವ ಉತ್ತರ ‘ಹೌಸಿಂಗ್ ಬಿಚ್ಚಬೇಕು’, ಅಂದರೆ ಹಿಂದಿನ ಆಕ್ಸಲ್‌ನ ಗೇರುಗಳಿರುವ ಕವಚ. ಅದಕ್ಕೆ ಒಪ್ಪಬೇಡಿ. ಅದರೊಳಗಿನ ಕ್ರೌನ್-ಪಿನಿಯನ್ (ಶಾಫ್ಟಿನ ಶಕ್ತಿಯನ್ನು ಚಕ್ರಗಳ ಕಡೆ ತಿರುಗಿಸುವ ಜೋಡಿ ಗೇರ್) ಕೆಲಸ ಅತಿ ದುಬಾರಿ, ಅದು ಕೊನೆಗೆ ಬರಬೇಕಾದದ್ದು. ಶಬ್ದ ಎಲ್ಲಿಂದ ಎಂದು ರಸ್ತೆಯಲ್ಲೇ ಅರ್ಧ ಪತ್ತೆಯಾಗುತ್ತದೆ.

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಮತಟ್ಟಾದ, ಖಾಲಿ ಜಾಗ ನೋಡಿ 50ರ ವೇಗದಲ್ಲಿ ನ್ಯೂಟ್ರಲ್ ಮಾಡಿ. ಎಂಜಿನ್ ಆಫ್ ಮಾಡಲೇಬಾರದು, ಬ್ರೇಕ್ ಬೂಸ್ಟರ್ ಕೈಕೊಡುತ್ತದೆ. ಶಬ್ದ ಹಾಗೇ ಉಳಿದರೆ ಎಂಜಿನ್, ಕ್ಲಚ್ ಬಿಟ್ಟುಬಿಡಿ, ಹಿಂದೆ ಹುಡುಕಿ. ಇಂಥ ಗಾಡಿಗಳಲ್ಲಿ ನಾಲ್ಕನೇ ಗೇರ್ ಸಾಮಾನ್ಯವಾಗಿ ಡೈರೆಕ್ಟ್, ಅಂದರೆ ಶಕ್ತಿ ಲೇ ಶಾಫ್ಟ್ (ಗೇರ್‌ಬಾಕ್ಸಿನೊಳಗಿನ ಪಕ್ಕದ ಶಾಫ್ಟ್) ಮೂಲಕ ಹೋಗದೆ ನೇರ ಹೋಗುತ್ತದೆ. ಉಳಿದ ಗೇರ್‌ಗಳಲ್ಲಿ ಕೂಗಿ ನಾಲ್ಕರಲ್ಲಿ ಸುಮ್ಮನಾದರೆ ಗೇರ್‌ಬಾಕ್ಸಿನ ಲೇ ಶಾಫ್ಟ್ ಬೇರಿಂಗ್ ಮೇಲೆ ಸಂಶಯ ಪಡಬೇಕು. ಆಕ್ಸಿಲರೇಟರ್ ಒತ್ತಿದಾಗ ಒಂದು ಸ್ವರ, ಬಿಟ್ಟಾಗ ಇನ್ನೊಂದು ಸ್ವರ ಬಂದರೆ ಪಿನಿಯನ್ ಬೇರಿಂಗ್ ಅಥವಾ ಕ್ರೌನ್-ಪಿನಿಯನ್. ಎಡಕ್ಕೆ ತಿರುಗುವಾಗ ಜೋರಾದರೆ ಬಲಬದಿಯ ವೀಲ್ ಬೇರಿಂಗ್, ಯಾಕೆಂದರೆ ಭಾರ ಆ ಕಡೆಗೆ ಬೀಳುತ್ತದೆ. ಟಯರ್ ಹಲ್ಲುಹಲ್ಲಾಗಿ ಸವೆದಿದ್ದರೂ ಇದೇ ಗುಂಯ್ ಬರುತ್ತದೆ. ಮುಂದಿನ ಟಯರ್ ಹಿಂದೆ, ಹಿಂದಿನದ್ದು ಮುಂದೆ ಹಾಕಿ ನೋಡುವುದಕ್ಕೆ ಖರ್ಚೇ ಇಲ್ಲ.

ಈ ಗಾಡಿಯಲ್ಲಿ ಸಿಕ್ಕಿದ ದೋಷಗಳು ಮೂರು, ಮೂರಕ್ಕೂ ಮೂಲ ನೀರು. ಮೀನಿನ ಐಸ್ ಕರಗಿದ ಉಪ್ಪುನೀರು ಗಾಡಿಯ ಹಿಂದಿನ ಟ್ರೇಯಿಂದ ಸೋರಿ ನೇರ ಶಾಫ್ಟಿನ ಮೇಲೆ ಬೀಳುತ್ತದೆ. ಹಿಂದಿನ ಕ್ರಾಸ್‌ನಲ್ಲಿ (ಶಾಫ್ಟಿನ ಬಾಗುವ ಜಾಯಿಂಟಿನೊಳಗಿನ ನಾಲ್ಕು ಕಾಲಿನ ತುಂಡು) ಗ್ರೀಸ್ ಒಣಗಿ ಸೂಜಿ ರೋಲರ್‌ಗಳು ತುಕ್ಕಿನ ಪುಡಿಯಾಗಿದ್ದವು, ಕ್ರಾಸ್‌ನ ಕಾಲಿನ ಮೇಲೆ ಅವುಗಳ ಗೆರೆ ಅಚ್ಚಾಗಿತ್ತು. ‘ಟಕ್’ ಬರುತ್ತಿದ್ದದ್ದು ಅಲ್ಲಿಂದ. ಶಾಫ್ಟನ್ನು ನಡುವೆ ಹಿಡಿದಿಡುವ ಸೆಂಟರ್ ಬೇರಿಂಗ್‌ನ ರಬ್ಬರ್ ಹರಿದಿತ್ತು. ಲೋಡ್ ಇಟ್ಟು ಹೊರಡುವಾಗ ಗಾಡಿಯ ನೆಲ ನಡುಗುವುದು ಇದರಿಂದ. ಹೌಸಿಂಗ್‌ನ ಬ್ರೀದರ್ (ಗಾಳಿಯಾಡುವ ಸಣ್ಣ ತೂತು) ಕೆಸರು ಕಟ್ಟಿ ಮುಚ್ಚಿತ್ತು. ಬಿಸಿಯಾದ ಹೌಸಿಂಗ್ ನಿಂತ ನೀರಿಗೆ ಇಳಿದು ತಣಿದಾಗ ಒಳಗೆ ಗಾಳಿ ಕುಗ್ಗುತ್ತದೆ, ಬ್ರೀದರ್ ಮುಚ್ಚಿದ್ದರೆ ಸೀಲ್ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ. ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ಬಂದಿತ್ತು.

ಶಾಫ್ಟ್ ಬಿಚ್ಚುವ ಮೊದಲು ಎಲ್ಲ ಫ್ಲ್ಯಾಂಜ್‌ಗಳಿಗೂ, ಸ್ಲಿಪ್ ಜಾಯಿಂಟ್‌ಗೂ ಪೇಂಟ್ ಗುರುತು ಹಾಕಿಸಿ. ಸ್ಲಿಪ್ ಜಾಯಿಂಟಿನ ಸ್ಪ್ಲೈನ್ (ಒಂದರೊಳಗೊಂದು ಜಾರುವ ಉದ್ದ ಹಲ್ಲುಗಳು) ಒಂದು ಹಲ್ಲು ಆಚೀಚೆ ಕೂತರೂ ಎರಡು ತುದಿಯ ಯೋಕ್‌ಗಳು (ಕ್ರಾಸ್ ಹಿಡಿಯುವ ಕವಲುಗಳು) ಒಂದೇ ನೇರದಲ್ಲಿ ಇರುವುದಿಲ್ಲ, ಹೊಸ ಕ್ರಾಸ್ ಹಾಕಿದರೂ ವೈಬ್ರೇಶನ್ ಬರುತ್ತದೆ. ಕ್ರಾಸ್ ಕೊಳ್ಳುವಾಗ ಗ್ರೀಸ್ ನಿಪ್ಪಲ್ ಇರುವುದನ್ನೇ ಕೇಳಿ. ಕಪ್ ಕೂರಿಸಲು ವೈಸ್ ಅಥವಾ ಪ್ರೆಸ್ ಬೇಕು. ಸುತ್ತಿಗೆಯಲ್ಲಿ ಹೊಡೆದರೆ ಒಂದು ಸೂಜಿ ಅಡ್ಡ ಬಿದ್ದು ಸರ್ಕ್ಲಿಪ್ ಕೂರುವುದೇ ಇಲ್ಲ. ನಾಲ್ಕೂ ಕಪ್‌ಗಳಿಂದ ಹೊಸ ಗ್ರೀಸ್ ಹೊರಬರುವ ತನಕ ಗನ್ ಒತ್ತಬೇಕು.

ಹೌಸಿಂಗ್‌ನಲ್ಲಿ ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿ, ಆಮೇಲೆ ಡ್ರೈನ್ ಪ್ಲಗ್. ಫಿಲ್ಲರ್ ತುಕ್ಕು ಹಿಡಿದು ಬಾರದಿದ್ದರೆ ಆಯಿಲ್ ಖಾಲಿಯಾದ ಗಾಡಿ ಅಲ್ಲೇ ಉಳಿಯುತ್ತದೆ. ಡ್ರೈನ್ ಪ್ಲಗ್‌ನ ಮ್ಯಾಗ್ನೆಟ್‌ಗೆ ಅಂಟಿದ್ದು ನುಣ್ಣನೆಯ ಕಪ್ಪು ಪೇಸ್ಟ್ ಆದರೆ ಚಿಂತೆ ಬೇಡ, ಚಕ್ಕೆ ಸಿಕ್ಕಿದರೆ ಬೇರಿಂಗ್ ಅಥವಾ ಹಲ್ಲು ಹೋಗಿದೆ. ಮ್ಯಾನ್ಯುವಲ್ ಬೇರೆ ಹೇಳದಿದ್ದರೆ ಜಿಎಲ್-5 ದರ್ಜೆಯ 80ಡಬ್ಲ್ಯು-90 ಗೇರ್ ಆಯಿಲ್, ಗಾಡಿ ಸಮತಟ್ಟಾಗಿರುವಾಗ ಫಿಲ್ಲರ್ ತೂತಿನ ಕೆಳ ಅಂಚಿನ ತನಕ. ಅದನ್ನೇ ಗೇರ್‌ಬಾಕ್ಸ್‌ಗೂ ಸುರಿಯುವ ಅಭ್ಯಾಸ ಒಳ್ಳೆಯದಲ್ಲ. ಹಲವು ಗೇರ್‌ಬಾಕ್ಸ್‌ಗಳಿಗೆ ಬೇಕಾದದ್ದು ಜಿಎಲ್-4.

ಕ್ರಾಸ್, ಸೆಂಟರ್ ಬೇರಿಂಗ್, ಆಯಿಲ್ ಬದಲಾದ ಮೇಲೆ ‘ಟಕ್’ ಪೂರ್ತಿ ಹೋಯಿತು, ನಡುಕ ಹೋಯಿತು, ಗುಂಯ್ ಮುಕ್ಕಾಲು ಇಳಿಯಿತು. ಉಳಿದದ್ದು ಪಿನಿಯನ್ ಬೇರಿಂಗ್‌ನದ್ದು. ಅದನ್ನು ಬದಲಿಸುವಾಗ ಕ್ರಶ್ ಸ್ಲೀವ್ (ಬಿಗಿದಾಗ ನಜ್ಜಾಗಿ ಕೂರುವ ತೆಳು ಕೊಳವೆ) ಇರುವ ಹೌಸಿಂಗ್ ಆದರೆ ಹೊಸ ಸ್ಲೀವ್ ಕಡ್ಡಾಯ, ಪಿನಿಯನ್ ನಟ್ ಕೈಅಂದಾಜಿನಲ್ಲಿ ಬಿಗಿಯುವಂತಿಲ್ಲ. ಪ್ರಿಲೋಡ್ (ಬೇರಿಂಗ್ ಮೇಲಿನ ಬಿಗಿತ) ಅಳೆಯಬೇಕು, ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲ) ಅನ್ನು ಡಯಲ್ ಗೇಜ್‌ನಲ್ಲಿ ನೋಡಬೇಕು. ಡಯಲ್ ಗೇಜ್ ಇಲ್ಲದ ಕಡೆ ಹೌಸಿಂಗ್ ಬಿಚ್ಚಲು ಕೊಡಬೇಡಿ. ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿ ತಯಾರಾದವು, ಒಂದನ್ನು ಮಾತ್ರ ಬದಲಿಸಿದರೆ ಮತ್ತೆ ಕೂಗು ಖಂಡಿತ.

ಹಳೆ ಗಾಡಿ ಕೊಳ್ಳುವವರು ಒಂದು ಗಮನಿಸಿ: ಹೌಸಿಂಗ್‌ಗೆ ದಪ್ಪ ಆಯಿಲ್ ತುಂಬಿ ಶಬ್ದ ಅಡಗಿಸುವುದುಂಟು. ತಣ್ಣಗಿರುವಾಗ ಕೇಳುವುದಿಲ್ಲ. ಮಂಗಳೂರಿನಿಂದ ಸುರತ್ಕಲ್ ತನಕ ಹೋಗಿ ಬಂದು ಆಯಿಲ್ ಬಿಸಿಯಾದ ಮೇಲೆ ಕಿವಿಗೊಡಿ. ಟ್ರೇ ಅಡಿಯ ತುಕ್ಕನ್ನೂ ನೋಡಿ.

ನಮ್ಮ ಕಡೆಯ ಮಳೆಗೆ ಪುಸ್ತಕದ ಸರ್ವಿಸ್ ಅಂತರ ಸಾಲದು. ಜೂನ್‌ನಿಂದ ಸೆಪ್ಟೆಂಬರ್ ತನಕ ತಿಂಗಳಿಗೊಮ್ಮೆ ಕ್ರಾಸ್‌ಗಳಿಗೆ ಗ್ರೀಸ್, ಮಳೆ ಮುಗಿದ ಕೂಡಲೇ ಹೌಸಿಂಗ್ ಆಯಿಲ್ ಬಣ್ಣ ಪರೀಕ್ಷೆ. ಮೀನು ಸಾಗಿಸುವವರು ಟ್ರೇಯ ನೀರನ್ನು ಪೈಪಿನಲ್ಲಿ ಹಿಂಬದಿಗೆ ಇಳಿಸಿ, ದಿನವೂ ಅಡಿಗೆ ಸಿಹಿನೀರು ಬಿಡಬೇಕು. ಪ್ರೆಶರ್ ವಾಶ್‌ನ ನಳಿಕೆಯನ್ನು ಮಾತ್ರ ಕ್ರಾಸ್ ಮತ್ತು ಸೆಂಟರ್ ಬೇರಿಂಗ್ ಸೀಲ್‌ಗಳಿಗೆ ನೇರ ಹಿಡಿಯಬಾರದು.

ಪಿನಿಯನ್ ಬೇರಿಂಗ್ ಬದಲಾದ ಮೇಲೆ ಈಗ 60ರ ಮೇಲೆ ಆಕ್ಸಿಲರೇಟರ್ ಬಿಟ್ಟಾಗ ಸಣ್ಣದೊಂದು ಗುಂಯ್ ಉಳಿದಿದೆ. ಕ್ರೌನ್‌ನ ಹಲ್ಲುಗಳಲ್ಲಿ ಹಳೆಯ ಸವೆತ ಕಾಣುತ್ತದೆ, ಮ್ಯಾಗ್ನೆಟ್‌ನಲ್ಲಿ ಚಕ್ಕೆ ಇಲ್ಲ, ಶಬ್ದ ಏರುತ್ತಲೂ ಇಲ್ಲ. ಇಷ್ಟಕ್ಕೆ ಹೊಸ ಸೆಟ್ ಹಾಕಿಸುವ ಅಗತ್ಯವಿಲ್ಲ.