ಗಾಡ್ಜಿಲ್ಲಾ ಪೆಟ್ಟಿಗೆ, ಐದು ವರ್ಷ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಮನೆಯಲ್ಲಿ ರೀಜನ್ ಎ, ಅಂದರೆ ಅಮೆರಿಕದ ವಲಯದ, ಡಿಸ್ಕ್ ಓಡಿಸುವ ಬ್ಲೂ-ರೇ ಪ್ಲೇಯರ್ ಇಲ್ಲದಿದ್ದರೆ ಈ ಸೆಟ್ ಕೊಳ್ಳಬೇಡಿ. ನಾನು ಕೊಂಡಾಗ ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೆ, ಅಲ್ಲಿ ಇದೆಲ್ಲ ತಲೆಗೇ ಬರಲಿಲ್ಲ. ಈಗ ಮೈಸೂರಿನಲ್ಲಿದ್ದೇನೆ. ಟಿವಿ ಕೆಳಗೆ ಪ್ಲೇಯರ್‌ಗಿಂತ ದಪ್ಪಗಿರುವ ಒಂದು ಟ್ರಾನ್ಸ್‌ಫಾರ್ಮರ್ ಗುಂಯ್ ಅಂತ ಕೂತಿದೆ. ಆ ಕಥೆ ಆಮೇಲೆ.

ಸೆಟ್ ಯಾವುದು ಅಂದರೆ, ಹಳೇ ಸಿನಿಮಾಗಳ ಡಿಸ್ಕ್ ತರುವ ಅಮೆರಿಕದ ಕ್ರೈಟೀರಿಯನ್ ಕಂಪನಿಯವರು 2019ರ ಅಕ್ಟೋಬರ್ ಕೊನೆಯಲ್ಲಿ ತಂದ ಶೋವಾ ಕಾಲದ ಗಾಡ್ಜಿಲ್ಲಾ, ಅದೇ ಸಮುದ್ರದಿಂದ ಏಳುವ ಜಪಾನಿನ ದೈತ್ಯ ಪ್ರಾಣಿ. 1954ರಿಂದ 1975ರವರೆಗಿನ 15 ಸಿನಿಮಾ, 8 ಬ್ಲೂ-ರೇ. ಅವರ ಪಟ್ಟಿಯಲ್ಲಿ ಇದಕ್ಕೆ 1000ನೇ ನಂಬರ್ ಕೊಟ್ಟರು. ಶೋವಾ ಅಂದರೆ ಹಿರೋಹಿಟೋ ಚಕ್ರವರ್ತಿಯ ಕಾಲ. ಆತ ಇದ್ದದ್ದು 1989ರ ಜನವರಿಯವರೆಗೆ, ಆದರೂ 1984ರ ಗಾಡ್ಜಿಲ್ಲಾವನ್ನು ಅಭಿಮಾನಿಗಳು ಮುಂದಿನ ಚಕ್ರವರ್ತಿಯ ಕಾಲದ, ಅಂದರೆ ಹೆಯ್ಸೆಯ್, ಸಾಲಿಗೆ ಸೇರಿಸಿಬಿಟ್ಟಿದ್ದಾರೆ. ಲೆಕ್ಕ ಕೇಳಬಾರದು. ಅಚ್ಚಾದ ಬೆಲೆ 224.95 ಡಾಲರ್. ಬಾರ್ನ್ಸ್ ಅಂಡ್ ನೋಬಲ್ ಪುಸ್ತಕದಂಗಡಿಯಲ್ಲಿ ಕ್ರೈಟೀರಿಯನ್ ಡಿಸ್ಕುಗಳಿಗೆ ಅರ್ಧ ಬೆಲೆಯ ಸೇಲ್ ನಡೆಯುತ್ತಿತ್ತು, ನವೆಂಬರ್‌ನಲ್ಲಿ ಹೋಗಿ ತಂದೆ. ಹೆಂಡತಿಗೆ ಅರ್ಧ ಬೆಲೆ ಅಂತ ಹೇಳಿದೆ, ಯಾವುದರ ಅರ್ಧ ಅಂತ ಹೇಳಲಿಲ್ಲ.

ಪೆಟ್ಟಿಗೆ ಅಂತ ಸುಮ್ನೆ ಕರೆಯುತ್ತಿದ್ದೇನೆ, ನಿಜವಾಗಿ ಅದು ಮಕ್ಕಳ ಅಟ್ಲಾಸ್‌ನಂಥ ಎತ್ತರದ ಗಟ್ಟಿರಟ್ಟಿನ ಪುಸ್ತಕ. ಒಂದೊಂದು ಸಿನಿಮಾಕ್ಕೆ ಒಬ್ಬೊಬ್ಬ ಕಲಾವಿದರಿಂದ ಹೊಸದಾಗಿ ಬರೆಸಿದ ಚಿತ್ರ. ನೋಡಲು ಭಾರಿ ಚೆನ್ನ. ಯಾವ ಶೆಲ್ಫಿನಲ್ಲೂ ನೆಟ್ಟಗೆ ನಿಲ್ಲುವುದಿಲ್ಲ, ನಮ್ಮ ಮನೆಯಲ್ಲಿ ಅದು ಮಲಗಿಯೇ ಇದೆ, ಮೇಲೆ ಕರೆಂಟ್ ಬಿಲ್ಲುಗಳು. ಡಿಸ್ಕುಗಳು ರಟ್ಟಿನ ಪುಟದ ಸಂದಿಯಲ್ಲಿ ಕೂರುತ್ತವೆ, ಎಳೆಯುವಾಗ ಬೆರಳು ಮೈಗೆ ತಾಗಿಯೇ ತಾಗುತ್ತದೆ. ಇದು ನನಗೆ ಇಷ್ಟವಾಗಲಿಲ್ಲ. ಒಂದು ಡಿಸ್ಕಿನ ಮೇಲೆ ಚಕ್ಕುಲಿ ಎಣ್ಣೆಯ ಹೆಬ್ಬೆಟ್ಟು ಬಿದ್ದಿದೆ, ಅದು ಮಾತ್ರ ಕಂಪನಿಯ ತಪ್ಪಲ್ಲ, ಅಕ್ಕನ ಮಗನದು.

ಇಷ್ಟು ದುಡ್ಡು ಯಾಕೆ ಕೊಟ್ಟೆ ಅಂದರೆ, ಈ 15 ಒಂದೇ ಕಡೆ ಸಿಕ್ಕಿದ್ದೇ ದೊಡ್ಡ ಸುದ್ದಿ. ಇದಕ್ಕೆ ಮುಂಚೆ ಅಮೆರಿಕದಲ್ಲಿ ಗಾಡ್ಜಿಲ್ಲಾ ಸಂಗ್ರಹಿಸುವುದು ಅಂದರೆ ಚೂರಾದ ಗಡಿಗೆಯ ಬಿಲ್ಲೆ ಆಯ್ದಂತೆ. ಸಿನಿಮಾ ಎಲ್ಲ ಜಪಾನಿನ ತೋಹೋ ಕಂಪನಿಯದೇ. ಆದರೆ ಅವರು ಅಮೆರಿಕಕ್ಕೆ ಹಕ್ಕು ಕೊಟ್ಟದ್ದು ಜಮೀನು ಗುತ್ತಿಗೆಗೆ ಕೊಟ್ಟ ಹಾಗೆ. ಈ ಎರಡೆಕರೆ ಇವನಿಗೆ ಇಷ್ಟು ವರ್ಷ, ಆ ಮೂರೆಕರೆ ಅವನಿಗೆ. ಹಾಗಾಗಿ ನನ್ನ ಹತ್ತಿರ ಇದ್ದ ಹಳೆಯ ರಾಶಿಯಲ್ಲಿ ಕೆಲವು ಕ್ಲಾಸಿಕ್ ಮೀಡಿಯಾದ ಡಿವಿಡಿ, ಹೆಡೋರಾ ಮತ್ತು ಗಿಗಾನ್ ಅನ್ನುವ ರಾಕ್ಷಸರ ಸಿನಿಮಾಗಳು ಬಂದದ್ದು ಕ್ರಾಕೆನ್‌ನವರಿಂದ, ಡಿಸ್ಟ್ರಾಯ್ ಆಲ್ ಮಾನ್‌ಸ್ಟರ್ಸ್ ಮೀಡಿಯಾ ಬ್ಲಾಸ್ಟರ್ಸ್‌ನವರಿಂದ, ಕಿಂಗ್ ಕಾಂಗ್ ಜೊತೆಗಿನ ಜಗಳ ಯೂನಿವರ್ಸಲ್‌ನಿಂದ. ಒಂದು ಗುತ್ತಿಗೆ ಮುಗಿದರೆ ಆ ಡಿಸ್ಕ್ ಅಂಗಡಿಯಿಂದ ಮಾಯ. ಮಾರನೇ ದಿನವೇ ಯಾರೋ ಅದನ್ನು ಮೂರು ಪಟ್ಟು ಬೆಲೆಗೆ ಮಾರಲು ಕೂತಿರುತ್ತಾರೆ. ಗಾಡ್ಜಿಲ್ಲಾ ವರ್ಸಸ್ ಬಿಯೋಲಾಂಟೆ ಅನ್ನುವ 1989ರ ಸಿನಿಮಾ ಹೀಗೇ ವರ್ಷಗಟ್ಟಲೆ ಕೈಗೆ ಸಿಗದೆ ಸತಾಯಿಸಿತು, ಕೊನೆಗೆ 2025ರಲ್ಲಿ ಕ್ರೈಟೀರಿಯನ್‌ನವರೇ ತಂದರು.

ಒಟ್ಟುಗೂಡಿಸಿದ್ದು ಹೌದು, ಆದರೆ ಹೊಲಿಗೆ ಕಾಣಿಸುತ್ತದೆ. ಕಿಂಗ್ ಕಾಂಗ್ ವರ್ಸಸ್ ಗಾಡ್ಜಿಲ್ಲಾ ತಗೊಳ್ಳಿ. 1962ರ ಈ ಸಿನಿಮಾದಲ್ಲೇ ಇಬ್ಬರೂ ಮೊದಲ ಸಲ ಕಲರ್‌ನಲ್ಲಿ, ಅಗಲ ಪರದೆಯಲ್ಲಿ ಬಂದದ್ದು. ಸೆಟ್‌ನಲ್ಲಿ ಅದರ ಜಾಗದಲ್ಲಿ ಇರುವುದು ಯೂನಿವರ್ಸಲ್‌ನವರು 1963ರಲ್ಲಿ ಬಿಡುಗಡೆ ಮಾಡಿದ ಅಮೆರಿಕನ್ ಆವೃತ್ತಿ, ಮಧ್ಯೆ ಮಧ್ಯೆ ಟಿವಿ ವಾರ್ತೆ ಓದುವವನನ್ನು ತುರುಕಿ, ಇಫುಕುಬೆಯ ಸಂಗೀತವನ್ನು ಬಹಳಷ್ಟು ತೆಗೆದು ಹಾಕಿದ್ದು. ಮೂಲ ಜಪಾನಿ ಆವೃತ್ತಿ ಎಲ್ಲಿ? ಎಂಟನೇ ಡಿಸ್ಕಿನಲ್ಲಿ, ಸಂದರ್ಶನಗಳ ಜೊತೆ, ಉಪ್ಪಿನಕಾಯಿ ತರಹ. ನಾನು ಮೊದಲ ಸಲ ಅರ್ಧ ಗಂಟೆ ನೋಡಿ, ಇದೇನು ಇಷ್ಟು ಪೇಲವ ಅಂದುಕೊಂಡು, ಆಮೇಲೆ ಪುಸ್ತಕದ ಹಿಂದೆ ಹುಡುಕಿ ಜಪಾನಿಯದು ಹಾಕಿದೆ. ಅದು ಒಳ್ಳೇ ನಗೆಸಿನಿಮಾ ಮಾರಾಯರೇ! ಔಷಧಿ ಕಂಪನಿಯವನು ಜಾಹೀರಾತಿಗೋಸ್ಕರ ಕಾಂಗ್‌ನನ್ನು ಹಿಡಿದು ತರಿಸುವ ಕಥೆ. ಅಮೆರಿಕನ್ ಕತ್ತರಿಯಲ್ಲಿ ಆ ತಮಾಷೆಯೇ ಸೋರಿಹೋಗಿದೆ. ಅಂದಹಾಗೆ, ಜಪಾನಿನಲ್ಲಿ ಗಾಡ್ಜಿಲ್ಲಾ ಗೆಲ್ಲುತ್ತಾನೆ, ಅಮೆರಿಕದಲ್ಲಿ ಕಾಂಗ್ ಗೆಲ್ಲುತ್ತಾನೆ ಅಂತ ಒಂದು ಮಾತು ಓಡಾಡುತ್ತದಲ್ಲ, ಅದು ಸುಳ್ಳು. ಎರಡನ್ನೂ ಒಂದರ ಹಿಂದೆ ಒಂದು ಹಾಕಿ ನೋಡಿದ್ದೇನೆ. ಎರಡರಲ್ಲೂ ಕಾಂಗ್ ಈಜಿಕೊಂಡು ಮನೆಗೆ ಹೋಗುತ್ತಾನೆ.

ಈ ಸಿನಿಮಾದ ಹಣೆಬರಹವೇ ಹಾಗೆ. ತೋಹೋದವರು 1969ರ ಕೊನೆಯಿಂದ ಮಕ್ಕಳ ರಜೆಗೆ ಅಂತ ಹಳೇ ಚಿತ್ರಗಳನ್ನು ಮೊಟಕು ಮಾಡಿ ಮತ್ತೆ ಬಿಡುವ ಒಂದು ಹಬ್ಬ ಶುರು ಮಾಡಿದರು. ಅದಕ್ಕೋಸ್ಕರ ಈ ಸಿನಿಮಾದ ಮೂಲ ನೆಗೆಟಿವ್‌ಗೇ ಕತ್ತರಿ ಹಾಕಿದರು. ಪ್ರಿಂಟ್ ಅಲ್ಲ, ನೆಗೆಟಿವ್! ಬೀಜದ ಭತ್ತ ಕುಟ್ಟಿ ಅವಲಕ್ಕಿ ಮಾಡಿದ ಹಾಗೆ. ಆಮೇಲೆ ಎಷ್ಟೋ ವರ್ಷ, ಪೂರ್ತಿ ಸಿನಿಮಾ ಅಂತ ಬಂದದ್ದರಲ್ಲಿ ಆ ತುಂಡುಗಳು ಬೇರೆ ಕಡೆಯಿಂದ ತಂದು ಅಂಟಿಸಿದ್ದು. 2016ರಲ್ಲಿ ತೋಹೋದವರು 4ಕೆಯಲ್ಲಿ ಸರಿಪಡಿಸಿದರು.

ಮತ್ತೆ, ಸೆಟ್‌ನಲ್ಲಿ ಇದ್ದೂ ಇಲ್ಲದವಳು ಮಾಥ್ರಾ ಅನ್ನುವ ದೈತ್ಯ ಪತಂಗ. ಅವಳು ಗಾಡ್ಜಿಲ್ಲಾ ಜೊತೆ ಹೊಡೆದಾಡುವ 1964ರ ಸಿನಿಮಾ ಸೆಟ್‌ನಲ್ಲಿದೆ, ಅವಳದೇ ಆದ 1961ರ ಮೊದಲ ಸಿನಿಮಾ ಇಲ್ಲ. ಹೇಗೂ ಅದರಲ್ಲಿ ಗಾಡ್ಜಿಲ್ಲಾ ಇಲ್ಲ ಅನ್ನಿ. ಆದರೆ ಅದು ಆಗ ಅಮೆರಿಕದ ಕೊಲಂಬಿಯಾ ಸಿನಿಮಾ ಕಂಪನಿಯವರ ಕೈಗೆ ಹೋಗಿತ್ತು, ಆ ಕಂಪನಿ ಈಗ ಸೋನಿಯದು, ಹಾಗಾಗಿ ಇದೂ ಸೋನಿ ಪಾಲು. 2019ರಲ್ಲೇ ಅದು ಬೇರೆ ಕಂಪನಿಯಿಂದ ಬೇರೆ ಡಿಸ್ಕಾಗಿ ಬಂತು, ಅದನ್ನೂ ಕೊಂಡೆ. ಒಂದೇ ಮನೆಯ ಅಕ್ಕತಂಗಿಯರನ್ನು ಎರಡು ಊರಿಗೆ ಕೊಟ್ಟ ಹಾಗಾಗಿದೆ.

ಇಂಗ್ಲಿಷ್ ಡಬ್ಬಿಂಗ್ ವಿಷಯದಲ್ಲಿ ನನ್ನ ತಕರಾರು ಜಾಸ್ತಿ. ಕೆಲವಕ್ಕೆ ಇದೆ, ಕೆಲವಕ್ಕೆ ಇಲ್ಲ. ದೊಡ್ಡವರಿಗೆ ಸಬ್‌ಟೈಟಲ್ ಸಾಕು, ಜಪಾನಿ ದನಿಯೇ ಚೆಂದ. ಆದರೆ ಆಲ್ ಮಾನ್‌ಸ್ಟರ್ಸ್ ಅಟ್ಯಾಕ್ ಅನ್ನುವ 1969ರದು ಪೂರ್ತಿ ಮಕ್ಕಳಿಗೆ ಅಂತಲೇ ಮಾಡಿದ ಚಿತ್ರ. ಅಪ್ಪ ಅಮ್ಮ ಕೆಲಸಕ್ಕೆ ಹೋದಾಗ ಒಂಟಿಯಾಗಿ ಇರುವ ಹುಡುಗ ಕನಸಿನಲ್ಲಿ ರಾಕ್ಷಸರ ದ್ವೀಪಕ್ಕೆ ಹೋಗುವುದು. ಅದಕ್ಕೇ ಡಬ್ಬಿಂಗ್ ಇಲ್ಲ. ಅಕ್ಕನ ಮಗನಿಗೆ ನಾನೇ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಡಬ್ ಮಾಡಬೇಕಾಯಿತು. ಇನ್ನೊಂದು ತಮಾಷೆ 1965ರ ಇನ್ವೇಶನ್ ಆಫ್ ಆಸ್ಟ್ರೋ-ಮಾನ್‌ಸ್ಟರ್‌ನದು. ಅದರಲ್ಲಿ ನಿಕ್ ಆಡಮ್ಸ್ ಅನ್ನುವ ಅಮೆರಿಕನ್ ನಟ ಇದ್ದಾನೆ. ಜಪಾನಿ ಟ್ರ್ಯಾಕ್ ಹಾಕಿದರೆ ಅವನ ಬಾಯಿಗೆ ಬೇರೆಯವರ ಜಪಾನಿ ದನಿ, ಇಂಗ್ಲಿಷ್ ಹಾಕಿದರೆ ಅವನ ದನಿ ಸರಿ ಹೋಗುತ್ತದೆ, ಉಳಿದವರೆಲ್ಲರದೂ ಕೆಡುತ್ತದೆ. ಯಾವುದು ಹಾಕಿದರೂ ಯಾರೋ ಒಬ್ಬರ ತುಟಿ ತಪ್ಪುತ್ತದೆ.

ಚಿತ್ರದ ಗುಣಮಟ್ಟ ಒಂದೇ ಸಮ ಇಲ್ಲ. ತೋಹೋ ಕೊಟ್ಟ ಮಾಸ್ಟರ್, ಅಂದರೆ ಡಿಸ್ಕ್ ಮಾಡಲು ಬಳಸುವ ಮೂಲ ಪ್ರತಿ, ಹೇಗಿತ್ತೋ ಹಾಗೆ. ಕೆಲವು ಕಲರ್ ಸಿನಿಮಾಗಳು ಸ್ವಲ್ಪ ಮಂಕು, ಗಾಢ ಕಪ್ಪು ಇರಬೇಕಾದ ಕಡೆ ಬೂದಿ. 55 ಇಂಚಿನ ಟಿವಿಯಲ್ಲಿ ನನಗೆ ಅಡ್ಡಿಯಾಗಲಿಲ್ಲ. ಪ್ರೊಜೆಕ್ಟರ್ ಇಟ್ಟವರು ಗೊಣಗಬಹುದು.

ಇವೆಲ್ಲದರ ನಡುವೆ ಆ ಮೊದಲ ಸಿನಿಮಾ ಇದೆಯಲ್ಲ, 1954ರ ಕಪ್ಪು ಬಿಳುಪಿನದು, ಅದೊಂದಕ್ಕೇ ನಾನು ಪೂರ್ತಿ ಬೆಲೆ ಕೊಡುತ್ತಿದ್ದೆ. ಇಶಿರೋ ಹೋಂಡಾ ನಿರ್ದೇಶನ, ಟ್ರಿಕ್ ದೃಶ್ಯಗಳಲ್ಲಿ ಎಯ್ಜಿ ತ್ಸುಬುರಾಯಾ ಕೈಚಳಕ. ಆ ವರ್ಷ ಮಾರ್ಚ್ 1ಕ್ಕೆ ಅಮೆರಿಕದವರು ಬಿಕಿನಿ ದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಸಿಡಿಸಿ ನೋಡಿದರು, ಅದರ ಬೂದಿ ಜಪಾನಿನ ಒಂದು ಮೀನುಗಾರರ ದೋಣಿಯ ಮೇಲೆ ಬಿತ್ತು. ನವೆಂಬರ್ 3ಕ್ಕೆ ಸಿನಿಮಾ ತೆರೆಗೆ ಬಂತು, ಮೊದಲ ದೃಶ್ಯವೇ ಸಮುದ್ರದಲ್ಲಿ ಒಂದು ಹಡಗು ಬೆಳಕಿಗೆ ಸಿಕ್ಕಿ ಸುಡುವುದು. ನೋಡಿದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಇದನ್ನು ಅಮ್ಮನ ಜೊತೆ ನೋಡಿದ್ದು ಮೈಸೂರಿಗೆ ಬಂದ ಮೇಲೆ. ಅವರು ಹೂ ಕಟ್ಟುತ್ತಾ ಕೂತಿದ್ದರು, ಸುಮ್ನೆ ಶಬ್ದಕ್ಕೆ ಆಗಾಗ ತಲೆ ಎತ್ತುತ್ತಿದ್ದರು. ಗಾಡ್ಜಿಲ್ಲಾ ಗರ್ಜಿಸುವ ಆ ಶಬ್ದ ಡಬಲ್ ಬಾಸ್ ಅನ್ನುವ ದೊಡ್ಡ ಪಿಟೀಲಿನಂಥ ವಾದ್ಯದ ತಂತಿಯನ್ನು ಚರ್ಮದ ಕೈಗವಸಿನಿಂದ ಎಳೆದು ಮಾಡಿದ್ದು ಅಂದೆ, ಬಾಗಿಲ ಕೀಲಿಗೆ ಎಣ್ಣೆ ಹಾಕದಿದ್ದರೂ ಹಾಗೇ ಬರುತ್ತದೆ ಅಂದರು. ಆಮೇಲೆ ಟೋಕಿಯೋ ಉರಿಯುವಾಗ ಒಬ್ಬ ತಾಯಿ ಮಕ್ಕಳನ್ನು ತಬ್ಬಿಕೊಂಡು ಗೋಡೆ ಪಕ್ಕ ಕುಸಿದು ಕೂತು ಏನೋ ಹೇಳುತ್ತಾಳೆ. "ಏನಂತಾಳೋ ಅವಳು?" ಅಂತ ಕೇಳಿದರು. ಇನ್ನೇನು ಅಪ್ಪನ ಹತ್ತಿರ ಹೋಗಿಬಿಡುತ್ತೇವೆ ಅಂತಾಳೆ ಅಂದೆ. ಅಮ್ಮ ಹೂ ಕೆಳಗಿಟ್ಟರು. ಮುಗಿಯುವವರೆಗೂ ಕಟ್ಟಲಿಲ್ಲ.

1956ರಲ್ಲಿ ರೇಮಂಡ್ ಬರ್ ಅನ್ನುವ ನಟನನ್ನು ಪತ್ರಕರ್ತನಾಗಿ ಸೇರಿಸಿ ಅಮೆರಿಕದವರು ಮಾಡಿದ ಆವೃತ್ತಿಯೂ ಸೆಟ್‌ನಲ್ಲಿದೆ. ಮೂಲ 96 ನಿಮಿಷ, ಅದು 80. ರೈಲಿನಲ್ಲಿ ಒಬ್ಬ ಹುಡುಗಿ, ನಾಗಸಾಕಿಯಿಂದ ಬದುಕಿ ಬಂದೆ, ಈಗ ಇದು ಬೇರೆ ಅನ್ನುವ ಮಾತಿದೆ. ಅಮೆರಿಕನ್ ಆವೃತ್ತಿಯಲ್ಲಿ ಅದು ಇಲ್ಲ. ಒಂದೇ ಸೆಟ್‌ನಲ್ಲಿ ಎರಡೂ ಇದ್ದಾಗ ಕತ್ತರಿ ಎಲ್ಲೆಲ್ಲಿ ಆಡಿತು ಅಂತ ಮನೆಯಲ್ಲೇ ಕೂತು ನೋಡಬಹುದು, ಇಂಥದ್ದು ಸ್ಟ್ರೀಮಿಂಗ್‌ನಲ್ಲಿ ಎಲ್ಲಿ ಸಿಗುತ್ತದೆ? 1984ರ ಸಿನಿಮಾಕ್ಕೂ ಅದೇ ಬರ್‌ನನ್ನು ಮತ್ತೆ ಕರೆಸಿ ಅಮೆರಿಕದಲ್ಲಿ ಹೀಗೇ ಮಾಡಿದ್ದರು. ಆ ಆವೃತ್ತಿ ಅಧಿಕೃತವಾಗಿ ಡಿವಿಡಿಗೂ ಬರಲಿಲ್ಲ, ಬ್ಲೂ-ರೇಗೂ ಬರಲಿಲ್ಲ. ವಿಎಚ್ಎಸ್ ಟೇಪ್ ಇಟ್ಟುಕೊಂಡವನೇ ರಾಜ.

ಇನ್ನು ಟ್ರಾನ್ಸ್‌ಫಾರ್ಮರ್ ಕಥೆ. 2021ರಲ್ಲಿ ಊರಿಗೆ ಬರುವಾಗ ಸೆಟ್ ಅನ್ನು ಸೀರೆಗಳ ಮಧ್ಯೆ ಸುತ್ತಿ ತಂದೆ, ಪ್ಲೇಯರ್ ಅಲ್ಲೇ ಸ್ನೇಹಿತನ ಮನೆಯಲ್ಲಿ ಬಿಟ್ಟೆ. ಇಲ್ಲಿ ಹೊಸದು ಕೊಂಡರಾಯಿತು ಅಂತ. ಬ್ಲೂ-ರೇಯಲ್ಲಿ ಅಮೆರಿಕ, ಜಪಾನ್ ಎರಡೂ ರೀಜನ್ ಎ. ಭಾರತ ರೀಜನ್ ಸಿ. ಇದು ಗೊತ್ತಿದ್ದೇ ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಅಂಗಡಿಯಲ್ಲಿ ಕೇಳಿದೆ. "ಆಲ್ ರೀಜನ್ ಸಾರ್, ಏನ್ ಬೇಕಾದ್ರೂ ಹಾಕಿ" ಅಂದ. ಮೈಸೂರಿಗೆ ತಂದು ಹಾಕಿದರೆ ಈ ಡಿಸ್ಕ್ ಇಲ್ಲಿ ನಡೆಯುವುದಿಲ್ಲ ಅಂತ ಪರದೆ ಮೇಲೆ ಒಂದು ಸಾಲು. ಆಲ್ ರೀಜನ್ ಅಂದದ್ದು ಡಿವಿಡಿಗೆ ಮಾತ್ರವಂತೆ. ನೀವು ಕೊಳ್ಳುವಾಗ ಡಿವಿಡಿಗಾ, ಬ್ಲೂ-ರೇಗಾ ಅಂತ ಬಿಡಿಸಿ ಕೇಳಿ, ಆಗುವುದಾದರೆ ನಿಮ್ಮದೇ ಡಿಸ್ಕ್ ಒಯ್ದು ಅಂಗಡಿಯಲ್ಲೇ ಹಾಕಿಸಿ ನೋಡಿ. ವರ್ಷವಾದ ಮೇಲೆ ಸ್ನೇಹಿತ ಹಳೇ ಪ್ಲೇಯರ್ ತಂದುಕೊಟ್ಟ. ಅದು 110 ವೋಲ್ಟಿನದು, ನಮ್ಮದು 230. ಮತ್ತೆ ಎಸ್.ಪಿ. ರೋಡು, ಮತ್ತೆ ದುಡ್ಡು, ಅದೇ ಈ ಗುಂಯ್ ಅನ್ನುವ ಪ್ರಾಣಿ. ಕ್ರೈಟೀರಿಯನ್‌ನವರ ಸ್ಟ್ರೀಮಿಂಗ್ ನೋಡಬಹುದಲ್ಲ ಅನ್ನುತ್ತೀರಾ? ಅದು ಅಮೆರಿಕ ಮತ್ತು ಕೆನಡಾಕ್ಕೆ ಮಾತ್ರ. ತೋಹೋದ ಜಪಾನಿ ಡಿಸ್ಕ್ ತರಿಸೋಣ ಅಂದರೆ ಇಂಗ್ಲಿಷ್ ಸಬ್‌ಟೈಟಲ್ ಇಲ್ಲ.

ಈಗ ಹೊಸದಾಗಿ ಕೊಳ್ಳುವವರಿಗೆ ಒಂದು ದಾರಿ ಇದೆ. 2024ರ ನವೆಂಬರ್‌ನಲ್ಲಿ ಮೊದಲ ಸಿನಿಮಾವನ್ನು ಕ್ರೈಟೀರಿಯನ್‌ನವರು 4ಕೆಯಲ್ಲಿ ಬೇರೆಯಾಗಿ ತಂದಿದ್ದಾರೆ. 4ಕೆ ಡಿಸ್ಕಿಗೆ ರೀಜನ್ ಕಾಟ ಇಲ್ಲ. ಜೊತೆಗೆ ಬರುವ ಬ್ಲೂ-ರೇಗೆ ಇದೆ, ಅದನ್ನು ಮರೆತುಬಿಡಿ. ಇಲ್ಲಿಯ 4ಕೆ ಪ್ಲೇಯರ್ ಇದ್ದವರು ಅದೊಂದನ್ನು ತರಿಸಿಕೊಳ್ಳಿ, ಕಸ್ಟಮ್ಸ್ ಸುಂಕಕ್ಕೆ ಸ್ವಲ್ಪ ದುಡ್ಡು ಎತ್ತಿಟ್ಟುಕೊಂಡು. ಅಮೆರಿಕದಲ್ಲಿರುವ ಕನ್ನಡದವರು ಕಣ್ಣು ಮುಚ್ಚಿ ಪೂರ್ತಿ ಸೆಟ್ ಕೊಳ್ಳಬಹುದು, ವಾಪಸ್ ಬರುವ ಯೋಚನೆ ಇದ್ದರೆ ಪ್ಲೇಯರ್ ಹಿಂದೆ ಬರೆದಿರುವ ವೋಲ್ಟೇಜ್ ಈಗಲೇ ಓದಿಕೊಳ್ಳಿ. ನನ್ನ ಲೆಕ್ಕದಲ್ಲಿ 5ಕ್ಕೆ 4. ಕಳೆದ ಒಂದು ಅಂಕ ಕಾಂಗ್‌ನನ್ನು ಉಪ್ಪಿನಕಾಯಿ ಮಾಡಿದ್ದಕ್ಕೆ.

ಅಕ್ಕನ ಮಗ ಪ್ರತಿ ಡಿಸ್ಕ್ ಹಾಕುವಾಗಲೂ ಒಂದೇ ಪ್ರಶ್ನೆ ಕೇಳುತ್ತಾನೆ, "ಮಾಮಾ, ಇದರಲ್ಲಿ ಇವನು ಒಳ್ಳೆಯವನಾ ಕೆಟ್ಟವನಾ?" ಒಳ್ಳೇ ಪ್ರಶ್ನೆ. 1964ರಲ್ಲೇ ನೋಡಿ, ಏಪ್ರಿಲ್‌ನಲ್ಲಿ ಬಂದದ್ದರಲ್ಲಿ ಕೆಟ್ಟವನು, ಡಿಸೆಂಬರ್‌ನಲ್ಲಿ ಬಂದದ್ದರಲ್ಲಿ ಮೂರು ತಲೆಯ ಗಿಡೋರಾ ವಿರುದ್ಧ ನಮ್ಮ ಕಡೆ. 1971ರ ಹೆಡೋರಾದಲ್ಲಿ ಕಾರ್ಖಾನೆಯ ಕೊಳಚೆಯಿಂದ ಹುಟ್ಟಿದ ರಾಕ್ಷಸನನ್ನು ಕೊಲ್ಲಲು ಬರುತ್ತಾನೆ, ಅದರ ನೊರೆ ನೋಡಿ ನನಗೆ ಬೆಳ್ಳಂದೂರು ಕೆರೆ ನೆನಪಾಯಿತು. ಹುಡುಗನಿಗೆ ಇಷ್ಟವಾದದ್ದು ಮಾತ್ರ 1973ರ ಮೆಗಲಾನ್, ಅದರಲ್ಲೂ ಗಾಡ್ಜಿಲ್ಲಾ ತನ್ನ ಬಾಲದ ಮೇಲೆ ಕೂತು ಉದ್ದಕ್ಕೆ ಜಾರಿಕೊಂಡು ಬಂದು ಎರಡೂ ಕಾಲಿನಲ್ಲಿ ಒದೆಯುವ ಜಾಗ. ಅದನ್ನು ರಿವೈಂಡ್ ಮಾಡಿ ಮಾಡಿ ರಿಮೋಟಿನ ಆ ಬಟನ್ ಸವೆದಿದೆ. ಎರಡು ಗಂಟೆ ಓಡಿದರೆ ಟ್ರಾನ್ಸ್‌ಫಾರ್ಮರ್ ಕೈ ಇಡಲಾಗದಷ್ಟು ಬಿಸಿಯಾಗುತ್ತದೆ, ಹಾಗಾಗಿ ಭಾನುವಾರಕ್ಕೆ ಒಂದೇ ಸಿನಿಮಾ ಅಂತ ಮಾಡಿಟ್ಟಿದ್ದೇನೆ. 15ರಲ್ಲಿ ಅವನಿಗೆ ಇನ್ನು 4 ಬಾಕಿ ಇವೆ. ಮೊದಲನೆಯದೂ ಅದರಲ್ಲಿ ಒಂದು, ಅದನ್ನು ಇನ್ನೂ ಎರಡು ವರ್ಷ ಹಾಕಬೇಡ ಅಂತ ಅಮ್ಮ ಹೇಳಿದ್ದಾರೆ.