ವರ್ಡ್ ಪ್ರಾಬ್ಲಮ್‌ಗೆ ಹೆದರುವ ಮಕ್ಕಳಿಗೆ ಒಳ್ಳೆಯ ಟ್ಯೂಷನ್

ಹತ್ತನೇ ಕ್ಲಾಸಿನ ಮಗಳಿಗೆ ಸೂತ್ರವೆಲ್ಲ ಬಾಯಿಪಾಠ, ಆದರೆ ಪ್ರಶ್ನೆ ನಾಲ್ಕು ಸಾಲಿದ್ದರೆ ಎಲ್ಲಿಂದ ಶುರು ಮಾಡಬೇಕು ಅಂತಲೇ ತಿಳಿಯುತ್ತಿರಲಿಲ್ಲ. ನಮ್ಮ ಬಡಾವಣೆಯ ಈ ಟ್ಯೂಷನ್‌ನಲ್ಲಿ ಮೇಷ್ಟ್ರು ಮೊದಲಿಗೇ ಸೂತ್ರ ಬರೆಯಲು ಬಿಡುವುದಿಲ್ಲ. ಕೊಟ್ಟಿದ್ದೇನು, ಕೇಳಿದ್ದೇನು, ಆಮೇಲೆ ಚಿತ್ರ.

150 ಮೀಟರ್ ಉದ್ದದ ರೈಲು ಗಂಟೆಗೆ 54 ಕಿ.ಮೀ. ವೇಗದಲ್ಲಿ 300 ಮೀಟರ್ ಸೇತುವೆ ದಾಟಲು ಎಷ್ಟು ಹೊತ್ತು ಬೇಕು? ಮಕ್ಕಳು ಸುಮ್ನೆ 300 ಹಿಡಿದು ಭಾಗಿಸಲು ಹೊರಡುತ್ತಾರೆ. ಚಿತ್ರ ಬರೆದರೆ ಕೊನೆಯ ಬೋಗಿಯೂ ಸೇತುವೆ ಬಿಡಬೇಕು ಅಂತ ಕಣ್ಣಿಗೇ ಕಾಣುತ್ತದೆ, ಅಲ್ವಾ? ಹಾಗಾಗಿ ದೂರ 450 ಮೀಟರ್. ಗಂಟೆಗೆ ಕಿ.ಮೀ. ಲೆಕ್ಕವನ್ನು ಸೆಕೆಂಡಿಗೆ ಮೀಟರ್ ಮಾಡಲು 54ನ್ನು 5/18ರಿಂದ (1000 ಮೀಟರ್ / 3600 ಸೆಕೆಂಡು) ಗುಣಿಸಿದರೆ ಸೆಕೆಂಡಿಗೆ 15 ಮೀಟರ್. ಉತ್ತರ 30 ಸೆಕೆಂಡು.

ಪ್ರತಿ ಸಾಲಿಗೂ ಯೂನಿಟ್ ಬರೆಸುತ್ತಾರೆ, ಇದು ನನಗೆ ತುಂಬಾ ಹಿಡಿಸಿತು. ಎಸ್‌ಎಸ್‌ಎಲ್‌ಸಿಯಲ್ಲಿ ಹಂತಗಳಿಗೂ ಅಂಕ ಇರುತ್ತದೆ, ಉತ್ತರ ತಪ್ಪಿದರೂ ಪೂರ್ತಿ ಸೊನ್ನೆ ಆಗುವುದಿಲ್ಲ.

ಫಿಸಿಕ್ಸ್‌ಗೆ ಮಾತ್ರ ಸಮಯ ಸಾಲದು. 220 ವೋಲ್ಟ್‌ನಲ್ಲಿ 1100 ವಾಟ್‌ನ ಇಸ್ತ್ರಿಪೆಟ್ಟಿಗೆ 5 ಆಂಪಿಯರ್ ಎಳೆಯುತ್ತದೆ ಅನ್ನುವಂಥ ಲೆಕ್ಕಗಳನ್ನು ಓಡಿಸಿಬಿಡುತ್ತಾರೆ. ಬ್ಯಾಚ್‌ನಲ್ಲಿ ಮಕ್ಕಳೂ ಜಾಸ್ತಿ. ಗಣಿತಕ್ಕಾದರೆ ಕಣ್ಣುಮುಚ್ಚಿ ಸೇರಿಸಿ, ಫಿಸಿಕ್ಸ್‌ಗೆ ಬೇರೆ ಕ್ಲಾಸ್ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ.