ಜರ್ಮನಿಯ ಸಭೆಯ ಜೊತೆ ಪ್ರಾರ್ಥಿಸಲು ಝೂಮ್: ಎಷ್ಟಕ್ಕೆ ಸಾಕು, ಎಲ್ಲಿ ಸಾಲದು

ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದಾಗಿನಿಂದ ನಮ್ಮ ಕ್ರೈಸ್ತ ಸಭೆಗಳಿಗೂ ಜರ್ಮನಿ, ಸ್ವಿಟ್ಜರ್‌ಲೆಂಡಿನ ಸಭೆಗಳಿಗೂ ನಂಟಿದೆ. ಒಬ್ಬರ ಕಷ್ಟಸುಖಕ್ಕೆ ಇನ್ನೊಬ್ಬರು ಪ್ರಾರ್ಥಿಸುವುದು ಮೊದಲು ಪತ್ರದಲ್ಲಿ ನಡೆಯುತ್ತಿತ್ತು, ಈಗ ಪರದೆಯ ಮೇಲೂ ನಡೆಯುತ್ತದೆ. ಅದಕ್ಕೆ ಸಾಮಾನ್ಯವಾಗಿ ಬಳಸುವ ಝೂಮ್ ಆಫೀಸಿನ ಮೀಟಿಂಗ್‌ಗೆಂದು ಮಾಡಿದ ಸಾಧನ. ಪ್ರಾರ್ಥನೆಗೆ ಅದನ್ನು ಪಳಗಿಸಿಕೊಳ್ಳಬೇಕು. ಪಳಗಿಸಿಕೊಂಡರೆ ತಿಂಗಳಿಗೊಮ್ಮೆ ಅರ್ಧ ಗಂಟೆ ಕೂಡಿ ಪ್ರಾರ್ಥಿಸಲು ಉಚಿತ ಖಾತೆಯೇ ಸಾಕು ಎನ್ನುವುದು ನಮ್ಮ ಅಭಿಪ್ರಾಯ.

ಉಚಿತ ಖಾತೆಯಲ್ಲಿ 40 ನಿಮಿಷ, 100 ಜನ. ಎರಡೂ ಕಡೆ ಸಭಾಭವನದಲ್ಲಿ ಒಂದೊಂದೇ ಲ್ಯಾಪ್‌ಟಾಪ್ ಇಟ್ಟರೆ ಜನದ ಮಿತಿ ಲೆಕ್ಕಕ್ಕೇ ಬರುವುದಿಲ್ಲ. ಸಮಯವೇ ಬಿಗಿ. ವಂದನೆಗೆ 3 ನಿಮಿಷ, ಎರಡೇ ವಚನಗಳಿರುವ 117ನೇ ಕೀರ್ತನೆಯನ್ನು ಎರಡೂ ಭಾಷೆಗಳಲ್ಲಿ ಓದಲು 2, ಹಾಡಿಗೆ 5, ಪ್ರಾರ್ಥನಾ ವಿಷಯಗಳಿಗೆ 12, ಮೌನಕ್ಕೆ 2, ಕರ್ತನು ಕಲಿಸಿದ ಪ್ರಾರ್ಥನೆ ಮತ್ತು ಆಶೀರ್ವಾದಕ್ಕೆ 4. ಒಟ್ಟು 28. ಮಿಕ್ಕ 12 ನಿಮಿಷವನ್ನು ತುಂಬಿಸಲು ಹೋಗಬೇಡಿ. ಮೈಕ್ ಸರಿಪಡಿಸುವುದಕ್ಕೆ, ಕರೆಂಟ್ ಹೋಗಿ ಬರುವುದಕ್ಕೆ ಅದು ಬೇಕೇ ಬೇಕು. ಗೂಗಲ್ ಮೀಟ್ ಉಚಿತ ಖಾತೆಯಲ್ಲಿ ಗುಂಪಿಗೆ 60 ನಿಮಿಷ ಸಿಗುತ್ತದೆ. ಸಮಯವೊಂದೇ ತೊಡಕಾದರೆ ಅದನ್ನೇ ಹಿಡಿಯಬಹುದು.

ಎಲ್ಲರೂ ಎಡವುವುದು ಗಡಿಯಾರದಲ್ಲಿ. ಜರ್ಮನಿಯ ಬೆಳಗಿನ 10 ಗಂಟೆ ಚಳಿಗಾಲದಲ್ಲಿ ನಮಗೆ ಮಧ್ಯಾಹ್ನ 2:30, ಬೇಸಿಗೆಯಲ್ಲಿ 1:30. ಅಲ್ಲಿ ಮಾರ್ಚ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಅಕ್ಟೋಬರ್ ಕೊನೆಯ ಭಾನುವಾರ ಹಿಂದಿಡುತ್ತಾರೆ. ಬದಲಾಗುವುದು ಭಾನುವಾರವೇ ಆದ್ದರಿಂದ ಪೆಟ್ಟು ನೇರವಾಗಿ ಆರಾಧನೆಗೇ ಬೀಳುತ್ತದೆ. 2026ರಲ್ಲಂತೂ ಆ ಮಾರ್ಚ್ 29 ಗರಿಗಳ ಭಾನುವಾರವೂ ಹೌದು. ಪ್ರತಿ ತಿಂಗಳ ಮೀಟಿಂಗ್ ಹಾಕುವಾಗ ಟೈಮ್ ಝೋನ್ ಕೋಲ್ಕತಾ ಎಂದಿದ್ದರೆ ನಮ್ಮ ಸಮಯ ಕದಲುವುದಿಲ್ಲ, ಅವರದು ಬದಲಾಗುತ್ತದೆ. ಬರ್ಲಿನ್ ಎಂದಿದ್ದರೆ ಅವರದು ನಿಂತು ನಮ್ಮದು ಬದಲಾಗುತ್ತದೆ. ಯಾರ ಗಡಿಯಾರ ನಿಲ್ಲಬೇಕೆಂದು ಮೊದಲೇ ಮಾತಾಡಿಕೊಳ್ಳಿ. ಆಹ್ವಾನದಲ್ಲಿ ಎರಡೂ ಊರಿನ ಸಮಯ ಬರೆಯಿರಿ.

ಇನ್ನು ಧ್ವನಿ. ಕೂಡಿ ಹಾಡಲು ದನಿ ತಲುಪುವ ತಡ ಸುಮಾರು 30 ಮಿಲಿಸೆಕೆಂಡಿನ ಒಳಗಿರಬೇಕು. ಭಾರತ ಮತ್ತು ಯುರೋಪಿನ ನಡುವೆ ಒಳ್ಳೆಯ ಸಂಪರ್ಕದಲ್ಲೂ ಅದು 150 ದಾಟುವುದು ಸಾಮಾನ್ಯ. ಸಾಲದ್ದಕ್ಕೆ, ಹಲವರು ಒಟ್ಟಿಗೆ ದನಿಯೆತ್ತಿದರೆ ಝೂಮ್ ಕೆಲವು ದನಿಗಳನ್ನು ಅದುಮಿಬಿಡುತ್ತದೆ. ಆದ್ದರಿಂದ ಎರಡೂ ಕಡೆಯವರು ಒಂದೇ ಸಮ ಹಾಡುವ ಆಸೆ ಬಿಡಿ. ಚರಣ ಹಂಚಿಕೊಳ್ಳಿ: ಒಂದು ಅವರದು, ಒಂದು ನಮ್ಮದು. ಬಾಸೆಲ್ ಮಿಷನ್ ಕಾಲದ ಜರ್ಮನ್ ರಾಗಗಳು ಕರಾವಳಿಯ ಸಭೆಗಳ ಕನ್ನಡ ಸಂಗೀತಗಳಲ್ಲಿ ಇಂದಿಗೂ ಉಳಿದಿವೆ. ಅಂಥದೊಂದನ್ನು ಆರಿಸಿದರೆ ಭಾಷೆ ಬರದವರಿಗೂ ರಾಗ ಗುರುತು ಸಿಗುತ್ತದೆ. ಹಾರ್ಮೋನಿಯಂ ಇದ್ದರೆ ಆಡಿಯೊ ಸೆಟ್ಟಿಂಗ್ಸ್‌ನಲ್ಲಿ ‘ಒರಿಜಿನಲ್ ಸೌಂಡ್ ಫಾರ್ ಮ್ಯುಸಿಷಿಯನ್ಸ್’ ಆನ್ ಮಾಡಲೇಬೇಕು. ಇಲ್ಲವಾದರೆ ಎಳೆದ ಸ್ವರವನ್ನು ಫ್ಯಾನಿನ ಸದ್ದೆಂದು ತಿಳಿದು ಝೂಮ್ ಅಳಿಸಿಹಾಕುತ್ತದೆ. ಹಾಡು ಮುಗಿದ ಕೂಡಲೇ ಆಫ್ ಮಾಡಿ.

ಕರ್ತನು ಕಲಿಸಿದ ಪ್ರಾರ್ಥನೆಗೂ ಇದೇ ಕ್ರಮ. ಪ್ರತಿ ದೇಶದಿಂದ ಒಬ್ಬೊಬ್ಬರೇ ನಾಯಕರು, ಉಳಿದ ಮೈಕ್‌ಗಳೆಲ್ಲ ಮ್ಯೂಟ್. ‘ಫಾಟರ್ ಉನ್ಸರ್ ಇಮ್ ಹಿಮ್ಮೆಲ್’ ಎಂದು ಅವರು ನಿಲ್ಲಿಸಿದ ಮೇಲೆ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ನಾವು. ಜನರೆಲ್ಲ ತಮ್ಮ ತಮ್ಮ ಭವನದಲ್ಲಿ ಗಟ್ಟಿಯಾಗಿಯೇ ಹೇಳಲಿ. ಮ್ಯೂಟ್ ಇರುವುದು ಯಂತ್ರಕ್ಕೆ, ಬಾಯಿಗಲ್ಲ ಎಂದು ಶುರುವಿನಲ್ಲೇ ತಿಳಿಸಿ. ತಿಳಿಸದಿದ್ದರೆ ಜನ ತುಟಿ ಬಿಚ್ಚುವುದಿಲ್ಲ.

ಅನುವಾದಕರ ದನಿ ಬೇರೆಯಾಗಿ ಕೇಳಿಸುವ ಝೂಮ್‌ನ ಭಾಷಾಂತರದ ಚಾನಲ್‌ಗೆ ಹಣ ಕಟ್ಟಿದ ಖಾತೆ ಬೇಕು. ಕನ್ನಡದ ಹೆಸರನ್ನು ಅಲ್ಲಿ ನಾವೇ ಸೇರಿಸಿಕೊಳ್ಳಬೇಕು, ಅನುವಾದಕರನ್ನು ನಾವೇ ಹುಡುಕಬೇಕು. ಮಾಮೂಲಿ ಫೋನ್ ಕರೆಯ ಮೂಲಕ ಸೇರಿದವರಿಗೆ ಆ ಚಾನಲ್ ಕೇಳಿಸುವುದೂ ಇಲ್ಲ. ಇದಕ್ಕಿಂತ ದೊಡ್ಡ ತೊಡಕು ನಮ್ಮ ವಾಕ್ಯದಲ್ಲೇ ಇದೆ. ‘ಕರ್ತನೇ, ನಮ್ಮನ್ನು ಕಾಪಾಡಿ, ನಡೆಸಿ, ನಮ್ಮ ಮಕ್ಕಳನ್ನು ನಿನ್ನ ರೆಕ್ಕೆಯ ಮರೆಯಲ್ಲಿಟ್ಟು...’ ಎಂದು ಪ್ರಾರ್ಥನೆ ಹರಿಯುತ್ತಿರುತ್ತದೆ. ಕೊನೆಗೆ ‘ಸ್ತೋತ್ರ’ ಬಂದಾಗಲೇ ಇದು ಬೇಡಿಕೆಯಲ್ಲ, ಕೃತಜ್ಞತೆ ಎಂದು ಖಚಿತವಾಗುವುದು. ಅಲ್ಲಿಯವರೆಗೆ ಅನುವಾದಕರು ಉಸಿರು ಹಿಡಿದು ಕೂರಬೇಕು, ಅಷ್ಟರಲ್ಲಿ ಮುಂದಿನ ವಾಕ್ಯ ಶುರುವಾಗಿರುತ್ತದೆ. ಗಿಡ್ಡ ವಾಕ್ಯ, ಎರಡು ವಾಕ್ಯಕ್ಕೊಮ್ಮೆ ವಿರಾಮ: ಈ ಶಿಸ್ತು ಪಾಲಿಸಿದರೆ ಚಾನಲ್ಲೇ ಬೇಡ, ಒಬ್ಬರಾದ ಮೇಲೆ ಒಬ್ಬರು ಹೇಳಿದರಾಯಿತು.

ಆ ಹಣಕ್ಕಿಂತ ಹೆಚ್ಚು ಕೆಲಸ ಮಾಡುವುದು ಒಂದು ಹಾಳೆ. ಎಡಗಡೆ ಕನ್ನಡ, ಬಲಗಡೆ ಜರ್ಮನ್, ಎರಡೂ ಕಡೆಯಿಂದ ಐದೈದು ಪ್ರಾರ್ಥನಾ ವಿಷಯ, ಒಂದೊಂದಕ್ಕೆ ಎರಡು ಸಾಲು. ಬುಧವಾರದೊಳಗೆ ಪಿಡಿಎಫ್ ಹೋಗಬೇಕು, ಭಾನುವಾರ ಮುದ್ರಿಸಿ ಹಂಚಬೇಕು. ಅನುವಾದ ಆ್ಯಪ್ ಬಳಸಿದರೆ ಎರಡೂ ಭಾಷೆ ಬಲ್ಲವರೊಬ್ಬರು ತಪ್ಪದೇ ನೋಡಲಿ. ನಮ್ಮ ‘ಸಭೆ’ ಅಲ್ಲಿಗೆ ಬರಿಯ ಮೀಟಿಂಗ್ ಆಗಿ ಹೋಗಬಹುದು. ಅವರ ‘ಗೆಮೈಂಡೆ’ಗೆ ಸಭೆ ಎಂಬ ಅರ್ಥವೂ ಉಂಟು, ಊರಾಡಳಿತ ಎಂಬ ಅರ್ಥವೂ ಉಂಟು, ಸಭೆಗಾಗಿ ಬೇಡಿಕೊಂಡದ್ದು ಇಲ್ಲಿಗೆ ಪುರಸಭೆಯಾಗಿ ಬರಬಹುದು. ರೋಗಿಗಳ ಪೂರ್ತಿ ಹೆಸರು, ಆಸ್ಪತ್ರೆ, ಕಾಯಿಲೆಯ ವಿವರ ಹಾಳೆಯಲ್ಲಿ ಬೇಡ. ‘ಶಸ್ತ್ರಚಿಕಿತ್ಸೆಗೆ ಕಾದಿರುವ ಒಬ್ಬ ತಾಯಿ’ ಎಂದರೆ ದೇವರಿಗೆ ಗೊತ್ತಾಗುತ್ತದೆ. ಯುರೋಪಿನಲ್ಲಿ 2018ರ ಮೇ 25ರಿಂದ ಜಾರಿಯಲ್ಲಿರುವ ದತ್ತಾಂಶ ರಕ್ಷಣೆಯ ನಿಯಮ ಆರೋಗ್ಯದ ಮಾಹಿತಿಯ ವಿಷಯದಲ್ಲಿ ಕಟ್ಟುನಿಟ್ಟು. ರೆಕಾರ್ಡಿಂಗ್ ಒತ್ತುವ ಮುನ್ನವೂ ಎರಡೂ ಕಡೆಯವರ ಒಪ್ಪಿಗೆ ಕೇಳಿ.

ಸಲಕರಣೆ ಕಡಿಮೆ ಸಾಕು: ಒಂದು ಲ್ಯಾಪ್‌ಟಾಪ್, ಟಿವಿ ಇಲ್ಲವೇ ಪ್ರೊಜೆಕ್ಟರ್, ಒಂದು ಯುಎಸ್‌ಬಿ ಮೈಕ್, ರೂಟರ್‌ನಿಂದ ನೇರ ಕೇಬಲ್. ಯುಪಿಎಸ್‌ಗೆ ರೂಟರನ್ನೂ ಜೋಡಿಸಿ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ, ರೂಟರ್‌ಗಿಲ್ಲ. ಅದೇ ಭವನದಲ್ಲಿ ಇನ್ನೊಬ್ಬರು ಮೊಬೈಲಿನಲ್ಲೂ ಧ್ವನಿಯೊಂದಿಗೆ ಸೇರಿದರೆ ಕಿವಿ ಹರಿಯುವ ಕೂಗು ಏಳುತ್ತದೆ.

ಕೊನೆಯದಾಗಿ ಮೌನದ ಮಾತು. ನಮ್ಮಲ್ಲಿ ಅನೇಕ ಕಡೆ ಎಲ್ಲರೂ ಸ್ವರವೆತ್ತಿ ಪ್ರಾರ್ಥಿಸುತ್ತಾರೆ. ಜರ್ಮನಿಯ ಸಭೆಗಳ ಆರಾಧನೆಯಲ್ಲಿ ಮೌನ ಪ್ರಾರ್ಥನೆಗೂ ಜಾಗವಿದೆ. ಝೂಮ್ ಹಿನ್ನೆಲೆಯ ಸದ್ದನ್ನೆಲ್ಲ ಅಳಿಸುವುದರಿಂದ ಆ ಎರಡು ನಿಮಿಷ ಲೈನ್ ಕಡಿದಂತೆಯೇ ಇರುತ್ತದೆ, ‘ಕೇಳಿಸ್ತಿದೆಯಾ?’ ಎಂದು ಯಾರಾದರೂ ಕೂಗಿಬಿಡುತ್ತಾರೆ. ಕ್ಯಾಮೆರಾದ ಎದುರು ಒಂದು ಮೇಣದಬತ್ತಿ ಹಚ್ಚಿಡಿ. ಅದರ ಉರಿ ಅಲುಗಾಡುತ್ತಿರುವವರೆಗೆ ಸಂಪರ್ಕ ಇದೆ ಎಂದು ಎರಡೂ ಕಡೆಯವರಿಗೆ ಕಾಣುತ್ತಿರುತ್ತದೆ.